ಅಪ್‌ಡೇಟ್: ಅಮ್ಮನ ಜೊತೆ ಒರ್ವಿಯೆಟೊಗೆ ಹೋಗಿ ಬಂದ್ವಿ!

ಮಂಡಿನೋವಿರೋ ಅಮ್ಮನ್ನ ರೋಮ್‌ನಿಂದ ಒಂದೇ ದಿನದಲ್ಲಿ ಇಟಲಿಯ ಒರ್ವಿಯೆಟೊ ಊರಿನ ಬೆಟ್ಟದ ಮೇಲಿನ ಕೆಥೆಡ್ರಲ್‌ಗೆ (ದೊಡ್ಡ ಚರ್ಚ್) ಕರ್ಕೊಂಡು ಹೋಗ್ಬಹುದಾ ಅಂತ ಕೇಳಿದ್ದೆ. ಆರಾಮಾಗಿ ಹೋಗ್ಬಹುದು. ರೈಲ್ವೆ ಸ್ಟೇಷನ್ ಎದುರೇ ಫ್ಯೂನಿಕ್ಯುಲರ್ (ಹಗ್ಗ ಕಟ್ಟಿ ಹಳಿ ಮೇಲೆ ಎಳೆಯೋ ಗಾಡಿ), ಮೇಲೆ ಹೋದ್ಮೇಲೆ ಪುಟ್ಟ ಬಸ್. ನಡಿಗೆ ತೀರಾ ಕಮ್ಮಿ.

ಕೆಥೆಡ್ರಲ್ 1290ರಲ್ಲಿ ಕಟ್ಟೋಕೆ ಶುರುವಾದ ಕಟ್ಟಡ. ಗೋಡೆ ತುಂಬಾ ಕಪ್ಪು-ಬಿಳಿ ಕಲ್ಲಿನ ಪಟ್ಟೆ. ಅಮ್ಮ, "ಜಮಖಾನ ನೇತು ಹಾಕಿದ ಹಾಗಿದೆ ಕಣೋ" ಅಂದ್ರು! ಮುಂಭಾಗದ ಚಿನ್ನದ ಬಣ್ಣದ ಮೊಸಾಯಿಕ್ ನೋಡೋಕೆ ಸಂಜೆ ಬಿಸಿಲೇ ಸರಿ.

ಆದ್ರೆ ನಿಜವಾದ ಮಜಾ ಒಳಗಿದೆ. ಸ್ಯಾನ್ ಬ್ರಿಜಿಯೊ ಚಾಪೆಲ್‌ನಲ್ಲಿ ಲೂಕಾ ಸಿಗ್ನೊರೆಲ್ಲಿ ಬಿಡಿಸಿದ ಕೊನೆಯ ತೀರ್ಪಿನ (ಲೋಕದ ಕೊನೆಗೆ ಸತ್ತವರೆಲ್ಲ ಎದ್ದು ಬರ್ತಾರೆ, ದೇವರು ತೀರ್ಪು ಕೊಡ್ತಾನೆ ಅನ್ನೋ ಕ್ರೈಸ್ತ ನಂಬಿಕೆ) ಚಿತ್ರಗಳು. ನೆಲ ಸೀಳಿಕೊಂಡು ಅಸ್ಥಿಪಂಜರಗಳು ಎದ್ದು ಬರೋದನ್ನ ಅಮ್ಮ ಮಂಡಿನೋವು ಮರೆತು ಅರ್ಧ ಗಂಟೆ ನಿಂತೇ ನೋಡಿದ್ರು.

248 ಮೆಟ್ಟಿಲಿನ ಸೇಂಟ್ ಪ್ಯಾಟ್ರಿಕ್ ಬಾವಿಗೆ ಮಾತ್ರ ನಾನೊಬ್ಬನೇ ಇಳಿದೆ.