ನಾಲ್ಕು ಮೇಷ್ಟ್ರು ಸೇರಿ ನಮ್ಮದೇ ಪಾಠವನ್ನು ಪರೀಕ್ಷೆ ಮಾಡೋದು ಹೇಗೆ? ಅನುಭವ ಇದ್ದವರು ಹೇಳಿ

ವಿರಾಜಪೇಟೆ ಕಡೆಯ ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತೇನೆ. ಬೇರೆ ಬೇರೆ ವಿಷಯದ ನಾಲ್ವರು ಸೇರಿ, ನಮ್ಮ ಪಾಠ ಮಕ್ಕಳಿಗೆ ಎಷ್ಟು ಮುಟ್ಟುತ್ತಿದೆ ಅಂತ ಅಧ್ಯಯನ ಮಾಡಬೇಕು ಎಂದುಕೊಂಡಿದ್ದೇವೆ. ಎಲ್ಲರಿಗೂ ಹೊಸದು. ಎಲ್ಲಿಂದ ಶುರು ಮಾಡುವುದು?

ಮಡಿಕೇರಿಯಿಂದ, ಸಂಖ್ಯಾಶಾಸ್ತ್ರ:
ಮೇಡಂ, ಪ್ರಶ್ನಾವಳಿಯಿಂದ ಮಾತ್ರ ಶುರು ಮಾಡಬೇಡಿ. ನಾವು 40 ಪ್ರಶ್ನೆಯ ಗೂಗಲ್ ಫಾರ್ಮ್ ಕಳಿಸಿದೆವು. ಎಲ್ಲದಕ್ಕೂ ‘ಒಪ್ಪುತ್ತೇನೆ’ ಒತ್ತಿ ಕಳಿಸಿದರು. ಇಂಟರ್ನಲ್ ಮಾರ್ಕ್ಸ್ ನಮ್ಮ ಕೈಯಲ್ಲೇ ಇದೆಯಲ್ಲ, ಪಾಪ, ಬೇರೆ ಏನು ಒತ್ತುತ್ತಾರೆ?

ಆಮೇಲೆ ಚೀಟಿಗೆ ಬಂದೆವು. ಪಾಠದ ಕೊನೆಯ ಎರಡು ನಿಮಿಷ. ಹೆಸರು ಬೇಡ, ಕೂತ ಬೆಂಚಿನ ಸಾಲು ಸಾಕು. ಒಂದೇ ಪ್ರಶ್ನೆ: ‘ಇವತ್ತು ಯಾವುದು ತಲೆಗೆ ಹೋಗಲಿಲ್ಲ?’ ಯಾವ ಭಾಷೆಯಲ್ಲಾದರೂ ಬರೆಯಬಹುದು. ಆಗ ಜುಲೈ. ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಲೆಕ್ಕ) ಅಂದರೆ ಮಕ್ಕಳಿಗೆ ಕಷ್ಟ ಅಂತ ನಾನು ವರ್ಷಗಟ್ಟಲೆ ನಂಬಿದ್ದೆ. ಚೀಟಿ ವಿಂಗಡಿಸುವಾಗ ಇತಿಹಾಸದ ಸರ್ ಒಂದು ಕಂತೆ ಬೇರೆ ಇಟ್ಟರು. ‘ಶೀಟಿನ ಮೇಲೆ ಮಳೆ ಸದ್ದು, ಏನೂ ಕೇಳಿಸಲಿಲ್ಲ.’ ಎಲ್ಲವೂ ಹಿಂದಿನ ಮೂರು ಸಾಲಿನವು. ನಾನೊಬ್ಬನೇ ಆಗಿದ್ದರೆ ನೆಪ ಅಂತ ಬಿಸಾಕುತ್ತಿದ್ದೆ. ಈಗ ಜೋರು ಮಳೆ ಬಂದರೆ ಬೋರ್ಡ್ ತುಂಬಾ ಬರೆದು, ಇಬ್ಬಿಬ್ಬರನ್ನು ಕೂರಿಸಿ ಲೆಕ್ಕ ಮಾಡಿಸುತ್ತೇನೆ.

ಕುಶಾಲನಗರದಿಂದ, ಭೌತಶಾಸ್ತ್ರ:
ಚೀಟಿ ಸರಿ. ಜೊತೆಗೆ ಪಾಠಕ್ಕೆ ಮೊದಲು ಒಂದು ಟೆಸ್ಟ್, ಮುಗಿದ ಮೇಲೆ ಅದೇ ಟೆಸ್ಟ್ ಇಡಿ. ನಮ್ಮ ವಿಷಯದಲ್ಲಿ ಅಮೆರಿಕದ ಪ್ರಾಧ್ಯಾಪಕ ರಿಚರ್ಡ್ ಹೇಕ್ 1998ರಲ್ಲಿ ಇಂಥ ಅಂಕಗಳನ್ನೇ ಒಟ್ಟುಗೂಡಿಸಿದ್ದು: 62 ಕೋರ್ಸ್, 6 ಸಾವಿರಕ್ಕೂ ಜಾಸ್ತಿ ವಿದ್ಯಾರ್ಥಿಗಳು. ಮೊದಲ ಟೆಸ್ಟಿನಲ್ಲಿ ಕೈತಪ್ಪಿದ ಅಂಕದಲ್ಲಿ ಬರೀ ಉಪನ್ಯಾಸದ ತರಗತಿಗಳು ಸರಾಸರಿ ಶೇ. 23ರಷ್ಟು ಗಳಿಸಿಕೊಂಡವು. ಕ್ಲಾಸಿನಲ್ಲೇ ಚರ್ಚಿಸಿ, ಮಾಡಿ ಕಲಿತ ಕಡೆ ಶೇ. 48.

ಅಲ್ಲಿ 62 ಕೋರ್ಸ್, ನಮ್ಮ ಹತ್ತಿರ ಒಂದೇ ಸೆಕ್ಷನ್. ಹಾಗಾಗಿ ಅಂಕ ಏರಿದ ಕೂಡಲೇ ಕುಣಿಯಬೇಡಿ. ದಿನಾಂಕವನ್ನೂ ನೋಡಿಕೊಳ್ಳಿ. ನಮ್ಮ ಮೊದಲ ಟೆಸ್ಟ್ ದಿನ ಮಳೆ ರಜೆ ಕೊಟ್ಟರು. ಎರಡನೆಯದು ಕಾಫಿ ಕುಯ್ಲಿಗೆ ಸಿಕ್ಕಿತು, ಅರ್ಧ ಬೆಂಚು ಖಾಲಿ. ಎರಡೂ ಬರೆದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು, ನೆನಪಿರಲಿ.

ಗೋಣಿಕೊಪ್ಪದಿಂದ:
ಅಧ್ಯಯನ ಮುಗಿಸಿ ಬರೆಯುವ ಪ್ರಬಂಧದಲ್ಲಿ ಯಾರ ಹೆಸರು ಮೊದಲು ಅಂತ ಈಗಲೇ ಬರೆದಿಟ್ಟುಕೊಳ್ಳಿ. ನಮ್ಮ ಗುಂಪು ಒಡೆದದ್ದು ಅಲ್ಲೇ. ಒಬ್ಬರು ಯಾರಿಗೂ ಹೇಳದೆ, ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಒಂದು ಜರ್ನಲ್‌ಗೆ ಕಳಿಸಿಬಿಟ್ಟರು. ಒಳ್ಳೆಯ ಜರ್ನಲ್ ಯಾವುದು ಅಂತ ಯುಜಿಸಿ ಕೊಡುತ್ತಿದ್ದ ಕೇರ್ ಪಟ್ಟಿ 2025ರಲ್ಲಿ ನಿಂತಿತಲ್ಲ, ಜರ್ನಲ್ ಅಸಲಿಯೋ ನಕಲಿಯೋ ಅಂತ ನಾವೇ ನೋಡಿಕೊಳ್ಳಬೇಕು. ಇನ್ನೊಂದು ಮಾತು. ಚೀಟಿಯಲ್ಲಿ ಹೆಸರಿಲ್ಲದಿದ್ದರೂ ಅಕ್ಷರ ಗುರುತು ಸಿಗುತ್ತದೆ. ನಿಮ್ಮ ಕ್ಲಾಸಿನದನ್ನು ಬೇರೆಯವರು ಓದಲಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಸೋಮವಾರದಿಂದ ಚೀಟಿ. ಇಂಗ್ಲಿಷ್ ಮೇಡಂ ನನ್ನ ಕ್ಲಾಸಿನಲ್ಲಿ ಕೂರಲು ಒಪ್ಪಿದ್ದಾರೆ, ನನಗೇ ಸ್ವಲ್ಪ ನಡುಕ. ಮಡಿಕೇರಿ ಸರ್, ಯಾವ ಭಾಷೆಯಲ್ಲಾದರೂ ಅಂದಿರಲ್ಲ, ನಮ್ಮಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಎಲ್ಲ ಇದೆ. ಓದೋದು ಯಾರು?

ಮಡಿಕೇರಿಯಿಂದ:
ನಮ್ಮಲ್ಲಿ ಮಲಯಾಳವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದರು ಮೇಡಂ. ಲೈಬ್ರರಿಯ ಅಕ್ಕ ಗಟ್ಟಿಯಾಗಿ ಓದಿ ಅರ್ಥ ಹೇಳಿದರು. ಅವರ ಹೆಸರನ್ನೂ ಪ್ರಬಂಧದಲ್ಲಿ ಹಾಕಿದೆವು.