65,000 ರೂಪಾಯಿಗೆ ಗೇಮಿಂಗ್ ಪಿಸಿ: ಕಂಪನಿ ಸೆಟ್ಟಾ, ಅಸೆಂಬಲ್ ಮಾಡಿಸೋದಾ?

ಈ ವಾರದ ಪ್ರಶ್ನೋತ್ತರ. ಉತ್ತರ ಕೊಡುತ್ತಿರುವವರು ಬೆಂಗಳೂರಿನಲ್ಲಿ ಕಂಪ್ಯೂಟರ್ ಜೋಡಣೆ, ರಿಪೇರಿ ಎರಡೂ ಮಾಡುವ ನಮ್ಮ ಗುಂಪಿನ ಸದಸ್ಯರು.

ಪ್ರಶ್ನೆ (ಹಾಸನ): ಮಗ ಈ ವರ್ಷ ಇಂಜಿನಿಯರಿಂಗ್ ಸೇರಿದ್ದಾನೆ. ಓದೋದಕ್ಕೂ ಗೇಮ್ ಆಡೋದಕ್ಕೂ ಆಗುವ ಕಂಪ್ಯೂಟರ್ ಬೇಕು ಅಂತಾನೆ. ವ್ಯಾಲರಂಟ್, ಜಿಟಿಎ 5 ಅಂತ ಹೆಸರು ಹೇಳ್ತಾನೆ. ಮಾನಿಟರ್ ಬಿಟ್ಟು 65,000 ಎತ್ತಿಟ್ಟಿದ್ದೇನೆ. ಶೋರೂಮಲ್ಲಿ ಕಂಪನಿ ಸೆಟ್ 72,000ಕ್ಕೆ ಇದೆ, ಮೇಲೆ ಗೇಮಿಂಗ್ ಅಂತ ಸ್ಟಿಕ್ಕರ್ ಇದೆ. ಮಗ ಬೇಡ, ಬಿಡಿಭಾಗ ತಂದು ತಾನೇ ಜೋಡಿಸ್ತೀನಿ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಕಂಪನಿ ಸೆಟ್ಟಾ, ಸ್ವಂತ ಜೋಡಣೆಯಾ ಅನ್ನೋದನ್ನ ಆಮೇಲೆ ನೋಡೋಣ. ಒಳಗಿರೋ ಒಂದೊಂದು ಭಾಗದ ಪೂರ್ತಿ ಮಾಡೆಲ್ ಹೆಸರನ್ನ ಬರೆದುಕೊಡ್ತಾರಾ, ಮೊದಲು ಅದನ್ನ ಕೇಳಿ. ‘ಐ5, 16 ಜಿಬಿ, ಗ್ರಾಫಿಕ್ಸ್ ಕಾರ್ಡ್ ಸಹಿತ’ ಅಂತ ಬರೆದ ಚೀಟಿ ನೋಡಿ ಯಾರಿಗೂ ಏನೂ ತಿಳಿಯಲ್ಲ. ಐ5-12400ಎಫ್‌ನಲ್ಲಿ 6 ಕೋರ್ (ಲೆಕ್ಕ ಮಾಡೋ ಘಟಕ), 12 ಥ್ರೆಡ್ (ಒಟ್ಟಿಗೆ ಸಾಗೋ ಕೆಲಸದ ಸಾಲು) ಇವೆ. 2012ರ 3470 ಕೂಡ ಐ5ನೇ, ಅದರಲ್ಲಿ 4 ಕೋರ್, 4 ಥ್ರೆಡ್ ಅಷ್ಟೇ. ಗ್ರಾಫಿಕ್ಸ್ ಕಾರ್ಡಿನ ಕಥೆಯೂ ಹಾಗೇ. ಆರ್‌ಟಿಎಕ್ಸ್ 3050 ಅನ್ನೋ ಒಂದೇ ಹೆಸರಲ್ಲಿ 2022ರ 8 ಜಿಬಿ ಕಾರ್ಡೂ ಇದೆ, 2024ರ 6 ಜಿಬಿ ಕಾರ್ಡೂ ಇದೆ. ಮೆಮೊರಿ 2 ಜಿಬಿ ಕಡಿಮೆ ಆಗಿರೋದು ಮಾತ್ರ ಅಲ್ಲ, ಕೋರ್‌ಗಳು 2560ರಿಂದ 2304ಕ್ಕೆ ಇಳಿದಿವೆ, ಮೆಮೊರಿ ಬಸ್ (ಮೆಮೊರಿಗೆ ಹೋಗೋ ದಾರಿಯ ಅಗಲ) 128 ಬಿಟ್‌ನಿಂದ 96ಕ್ಕೆ ಬಂದಿದೆ. ಸ್ಟಿಕ್ಕರ್ ಇದನ್ನೆಲ್ಲ ಹೇಳಲ್ಲ.

ಆಮೇಲೆ ನಮ್ಮೂರುಗಳಲ್ಲಿ ಇರೋದು ಎರಡೇ ದಾರಿ ಅಲ್ಲ. ಬಿಡಿಭಾಗ ನಾವು ಆರಿಸಿ, ಜೋಡಿಸೋ ಕೆಲಸ ಅಂಗಡಿಯವರಿಗೆ ಬಿಡೋದು ಮೂರನೇ ದಾರಿ, ಹೆಚ್ಚು ಜನ ಹೋಗೋದೂ ಇದರಲ್ಲೇ. ಬೆಂಗಳೂರಿನ ಎಸ್.ಪಿ. ರೋಡ್ ನಡೀತಿರೋದೇ ಹೀಗೆ. ಹಾಸನದಲ್ಲೂ ಜೋಡಿಸಿಕೊಡೋರು ಸಿಗ್ತಾರೆ. ನಿಮ್ಮ ಬಜೆಟ್ಟಿಗೆ ನಾನಾದರೆ ರೈಝೆನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, ಆರ್‌ಎಕ್ಸ್ 6600 8 ಜಿಬಿ ಕಾರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಸ್ಟೋರೇಜ್), 550 ವ್ಯಾಟ್ ಬ್ರಾಂಜ್ ದರ್ಜೆಯ ಎಸ್‌ಎಂಪಿಎಸ್ (ಎಲ್ಲ ಭಾಗಕ್ಕೂ ಕರೆಂಟ್ ಕೊಡೋ ಡಬ್ಬ), ಮುಂದೆ ಜಾಲರಿ ಇರೋ ಕ್ಯಾಬಿನೆಟ್ ಬರೆದುಕೊಡ್ತೇನೆ. ರ‍್ಯಾಮ್ ದರ ಏರಿರೋದರಿಂದ ಕೈ ಬಿಗಿಯಾದರೆ ಬಿ550 ಬದಲು ಎ520 ಬೋರ್ಡ್ ಹಾಕಿಸಿ, ಆಟದಲ್ಲಿ ಹೆಚ್ಚು ವ್ಯತ್ಯಾಸ ಕಾಣಲ್ಲ. ಒಟ್ಟು ದುಡ್ಡಿನ ಮೂರನೇ ಒಂದು ಪಾಲಾದರೂ ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು. ಜಿಟಿಎ 5ನ್ನ 1080ಪಿ ಮಾನಿಟರಲ್ಲಿ ಚೆನ್ನಾಗಿ ಆಡಿಸೋದು ಅದೇ. ವ್ಯಾಲರಂಟ್ ಹಗುರ ಆಟ, ಅದಕ್ಕೆ ಈ ಪ್ರೊಸೆಸರ್ ಧಾರಾಳ.

ದಯವಿಟ್ಟು ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿಸೋಕೆ ಹೋಗಬೇಡಿ. ಕ್ಯಾಬಿನೆಟ್ ಜತೆಗೇ ಬರೋ ಅಗ್ಗದ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿರುತ್ತೆ. ಪಕ್ಕದ ಲೇಬಲ್ ಓದಿ, 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ, ಎರಡನ್ನೂ ಗುಣಿಸಿ. 16 ಆಂಪಿಯರ್ ಇದ್ದರೆ 192 ವ್ಯಾಟ್ ಆಯಿತು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯೋದು ಆ 12 ವೋಲ್ಟ್ ಸಾಲಿಂದಲೇ. ಆರ್‌ಎಕ್ಸ್ 6600 ಒಂದಕ್ಕೇ 132 ವ್ಯಾಟ್ ಬೇಕು. ಆಟದ ಮಧ್ಯೆ ಕಂಪ್ಯೂಟರ್ ತಾನಾಗಿ ಆಫ್ ಆಗುತ್ತೆ ಅಂತ ನನ್ನ ಮೇಜಿಗೆ ಬರೋ ಸಿಸ್ಟಮ್‌ಗಳಲ್ಲಿ ನಾನು ಮೊದಲು ಬಿಚ್ಚಿ ನೋಡೋದು ಇದನ್ನೇ. ಇದು ಕೆಟ್ಟರೆ ಒಂದೊಂದು ಸಲ ಬೋರ್ಡ್, ಕಾರ್ಡ್ ಎರಡನ್ನೂ ಜತೆಗೆ ಕರಕೊಂಡು ಹೋಗುತ್ತೆ. ಹೆಸರಿರೋ 550 ವ್ಯಾಟ್‌ನದರಲ್ಲಿ 12 ವೋಲ್ಟಿಗೆ 40 ಆಂಪಿಯರಿಗಿಂತ ಹೆಚ್ಚೇ ಇರುತ್ತೆ.

ಪ್ರಶ್ನೆ (ದಾವಣಗೆರೆ): ನೀವು ಜೋಡಿಸೋ ಕೆಲಸದವರು, ಹಾಗಾಗಿ ಅದನ್ನೇ ಹೇಳ್ತೀರಿ ಅನ್ನಿಸ್ತು, ತಪ್ಪು ತಿಳೀಬೇಡಿ. ಕಂಪನಿ ಸೆಟ್ ತಗೊಳ್ಳೋದೇ ಸರಿ ಅನ್ನೋ ಸಂದರ್ಭ ಇಲ್ಲವೇ ಇಲ್ಲವಾ?

ಉತ್ತರ: ಇದೆ, ಈಗಂತೂ ಮೊದಲಿಗಿಂತ ಹೆಚ್ಚಾಗಿ ಇದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಮೇಲೆ ಮೇಲೆ ಹೋಗಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನ ಬಾಚಿಕೊಳ್ಳುತ್ತಿವೆ, ತಯಾರಕರೂ ಅತ್ತಲೇ ತಿರುಗಿದ್ದಾರೆ. ಜನಸಾಮಾನ್ಯರಿಗೆ ಕ್ರೂಶಿಯಲ್ ಹೆಸರಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ಮೈಕ್ರಾನ್, ಆ ವ್ಯಾಪಾರವನ್ನೇ ನಿಲ್ಲಿಸ್ತೇವೆ ಅಂತ 2025ರ ಡಿಸೆಂಬರಲ್ಲಿ ಘೋಷಿಸಿತು. ಬಿಡಿ ರ‍್ಯಾಮ್ ಕೊಳ್ಳೋರಿಗೆ ಪೆಟ್ಟು ಕೂಡಲೇ ಬಿತ್ತು. ಹಳೇ ದರದಲ್ಲಿ ಕಟ್ಟಿ ಗೋದಾಮಲ್ಲಿಟ್ಟ ಕಂಪನಿ ಸೆಟ್ ಸಿಕ್ಕರೆ ಅದೇ ಅಗ್ಗ ಬೀಳಬಹುದು. ಆದ್ದರಿಂದ ಬಿಡಿಭಾಗಗಳ ಕೊಟೇಶನ್ ತಗೊಂಡ ದಿನವೇ ಕಂಪನಿ ಸೆಟ್ ದರವನ್ನೂ ಕೇಳಿ. ಹೋದ ತಿಂಗಳ ಕೊಟೇಶನ್ ಇಟ್ಟುಕೊಂಡು ಲೆಕ್ಕ ಹಾಕಬೇಡಿ.

ಇನ್ನೊಂದು, ವಾರಂಟಿ. ಜೋಡಿಸಿದ ಪಿಸಿಯಲ್ಲಿ ಒಂದೊಂದು ಭಾಗಕ್ಕೂ ಬೇರೆ ಬೇರೆ ವಾರಂಟಿ. ಪ್ರೊಸೆಸರಿಗೆ ಸಾಮಾನ್ಯವಾಗಿ 3 ವರ್ಷ, ಎಸ್‌ಎಸ್‌ಡಿಗೆ 3ರಿಂದ 5 ವರ್ಷ. ಕಂಪನಿ ಸೆಟ್ಟಿಗಿಂತ ಅವಧಿ ಉದ್ದ, ಆದರೆ ಯಾವ ಭಾಗ ಕೆಟ್ಟಿದೆ ಅಂತ ಹುಡುಕೋದು ನಿಮ್ಮ ಪಾಲಿಗೆ. ಕಂಪನಿ ಸೆಟ್ಟಿಗೆ ಹೆಚ್ಚಾಗಿ 1 ವರ್ಷವೇ ಇರೋದು, ಆದರೆ ಆನ್‌ಸೈಟ್ ಸೇವೆ ಇದ್ದರೆ ಫೋನ್ ಮಾಡಿದರೆ ಮನೆಗೇ ಬರ್ತಾರೆ. ಹತ್ತಿರದಲ್ಲಿ ರಿಪೇರಿಯವರೇ ಇಲ್ಲದ ಊರು, ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯೋರೂ ಇಲ್ಲ ಅಂದರೆ ನಾನೇ ಕಂಪನಿ ಸೆಟ್ ತಗೊಳ್ಳಿ ಅಂತೇನೆ. ಅಸಲಿ ವಿಂಡೋಸ್ ಅದರ ಜತೆಗೇ ಬರುತ್ತೆ, ಆ ದುಡ್ಡನ್ನೂ ಲೆಕ್ಕಕ್ಕೆ ಹಿಡೀಬೇಕು.

ತಗೊಳ್ಳೋ ಮುಂಚೆ ನಾಲ್ಕು ವಿಷಯ ಕೇಳಿ. ರ‍್ಯಾಮ್ ಒಂದೇ ಕಡ್ಡಿಯೋ ಎರಡೋ, ಖಾಲಿ ಸ್ಲಾಟ್ ಇದೆಯೋ, ಎಸ್‌ಎಂಪಿಎಸ್ ಎಷ್ಟು ವ್ಯಾಟ್, ಅದು ಮಾಮೂಲಿ ಎಟಿಎಕ್ಸ್ ಅಳತೆಯದೋ ಕಂಪನಿಯದೇ ಆಕಾರದ್ದೋ. ಕೊನೇದು ಬಹಳ ಮುಖ್ಯ. ಬೋರ್ಡಿನ ಪಿನ್, ಎಸ್‌ಎಂಪಿಎಸ್‌ನ ಆಕಾರ ಎರಡೂ ಕಂಪನಿಯದೇ ಆಗಿದ್ದರೆ ಮೂರು ವರ್ಷ ಬಿಟ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕೋಕೆ ಆಗಲ್ಲ. ಆಗ ಇಡೀ ಡಬ್ಬವನ್ನೇ ಬದಲಿಸಬೇಕು.

ಪ್ರಶ್ನೆ (ಮೈಸೂರು): 18,000ಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಸೆಟ್ ಇದೆ: ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣಬಣ್ಣದ ಲೈಟ್ ಇರೋ ಹೊಸ ಕ್ಯಾಬಿನೆಟ್. ಬಿಡೋಕೆ ಮನಸ್ಸಿಲ್ಲ.

ಉತ್ತರ: ಅವರ ಹತ್ತಿರ ಎರಡೇ ಮಾತು ಕೇಳಿ: ಐ7 ಎಷ್ಟನೇ ಜನರೇಶನ್, ಕಾರ್ಡಿನ ಹೆಸರು ಏನು. ಈ ದರಕ್ಕೆ ಬರೋದರಲ್ಲಿ ಹೆಚ್ಚಿನವು ಐ7-2600 ಇಲ್ಲವೇ 3770. ಮೊದಲನೇದು 2011ರದ್ದು, ಎರಡನೇದು 2012ರದ್ದು. ಕ್ಯಾಬಿನೆಟ್ ಹೊಸದು, ಒಳಗಿನ ಜೀವ ಹಳೇದು. ಇವುಗಳಲ್ಲಿ ವಿಂಡೋಸ್ 11 ಅಧಿಕೃತವಾಗಿ ಓಡಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲವನ್ನ 2025ರ ಅಕ್ಟೋಬರ್ 14ಕ್ಕೆ ಮುಗಿಸಿದೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡೋಕೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನೋ ಭದ್ರತಾ ವ್ಯವಸ್ಥೆ ಎರಡೂ ಬೇಕು, ಆ ಕಾಲದ ಬೋರ್ಡಲ್ಲಿ ಟಿಪಿಎಂ 2.0 ಇರಲ್ಲ.

‘4 ಜಿಬಿ ಕಾರ್ಡ್’ ಅಂದರೆ ಬಹಳ ಸಲ ಜಿಟಿ 730 ಆಗಿರುತ್ತೆ. 2014ರ ಕಾರ್ಡು, ಮಾನಿಟರಿಗೆ ಚಿತ್ರ ಕಳಿಸೋದಕ್ಕೆ ಸರಿ, ಈಗಿನ ಆಟಗಳಿಗೆ ಅಲ್ಲ. 4 ಜಿಬಿ ಅನ್ನೋ ಅಂಕಿಗೆ ಮರುಳಾಗಬೇಡಿ. ನಕಲಿ ಕಾರ್ಡುಗಳೂ ಇವೆ, ಹಳೇ ಜಿಟಿಎಸ್ 450ರ ಬಯೋಸ್ (ಒಳಗಿನ ಮೂಲ ಸಾಫ್ಟ್‌ವೇರ್) ತಿದ್ದಿ ಜಿಟಿಎಕ್ಸ್ 1050 ಟಿಐ ಅಂತ ತೋರಿಸ್ತಾರೆ. ಜಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ, ಇಂಥ ಕಾರ್ಡಿದ್ದರೆ ಹೆಸರಿನ ಮುಂದೆ ನಕಲಿ ಅಂತಲೇ ತೋರಿಸುತ್ತೆ. ಆರ್‌ಎಕ್ಸ್ 580 ಅಂತ ಕೊಟ್ಟರೆ ಶೇಡರ್ (ಕಾರ್ಡಿನ ಕೋರ್) ಸಂಖ್ಯೆ ನೋಡಿ. ಅಸಲಿ ಕಾರ್ಡಲ್ಲಿ 2304 ಇರುತ್ತೆ, 2048 ಇದ್ದರೆ ಅದು ಕಡಿಮೆ ಶಕ್ತಿಯ ಬೇರೆ ಕಾರ್ಡು.

ಬಳಸಿದ ಕಾರ್ಡೇ ಬೇಡ ಅಂತ ನಾನು ಹೇಳಲ್ಲ. ಅಂಗಡಿಯಲ್ಲೇ ಅರ್ಧ ಗಂಟೆ ಆಟ ಓಡಿಸಿ ತೋರಿಸಿ ಅನ್ನಿ. ಫ್ಯಾನಿನ ಶಬ್ದ ಕೇಳಿ, ತಾಪ ಎಲ್ಲಿಗೆ ನಿಲ್ಲುತ್ತೆ ನೋಡಿ. ಓಡಿಸಿ ತೋರಿಸಲ್ಲ ಅಂದರೆ ಎದ್ದು ಬನ್ನಿ. 18,000ದ ಜತೆ ಇನ್ನಷ್ಟು ಕೂಡಿಸೋಕೆ ಆದರೆ ರೈಝೆನ್ 5 5600ಜಿ ತಗೊಳ್ಳಿ, ಗ್ರಾಫಿಕ್ಸ್ ಅದರೊಳಗೇ ಇದೆ. ವ್ಯಾಲರಂಟ್‌ನಂಥ ಆಟ ಆಡುತ್ತಾ ಇರಿ, ಮುಂದೆ ಕಾರ್ಡ್ ಹಾಕಿಕೊಳ್ಳಬಹುದು. ಆದರೆ ಅದಕ್ಕೆ ರ‍್ಯಾಮ್ ಎರಡು ಕಡ್ಡಿ ಇರಲೇಬೇಕು, ಒಳಗಿನ ಗ್ರಾಫಿಕ್ಸ್ ಅದೇ ರ‍್ಯಾಮನ್ನ ಬಳಸೋದರಿಂದ ಒಂದೇ ಕಡ್ಡಿಯಲ್ಲಿ ಆಟ ತೆವಳುತ್ತೆ.

ಪ್ರಶ್ನೆ (ಕಲಬುರಗಿ): ಸರ, ನಮ್ಮ ಕಡೆ ಬ್ಯಾಸಗ್ಯಾಗ 42 ಡಿಗ್ರಿ ಬಿಸಲ, ಧೂಳ ಬ್ಯಾರೆ. ಕರೆಂಟ್ ಯಾವಾಗ ಹೋಗತದ ಗೊತ್ತಾಗಂಗಿಲ್ಲ. ಲಿಕ್ವಿಡ್ ಕೂಲರ್ ಬೇಕೇನ್ರಿ? 600 ವಿಎ ಯುಪಿಎಸ್ ಸಾಕಾಗತದೇನು?

ಉತ್ತರ: ಲಿಕ್ವಿಡ್ ಕೂಲರ್ ಬೇಡ. 65 ವ್ಯಾಟ್‌ನ ಪ್ರೊಸೆಸರಿಗೆ ಗಾಳಿಯ ಕೂಲರೇ ಸಾಕು. ಆ ದುಡ್ಡನ್ನ ಕ್ಯಾಬಿನೆಟ್ಟಿನ ಗಾಳಿಗೆ ಹಾಕಿ. ಮುಂದೆ ಪೂರ್ತಿ ಗಾಜು ಮುಚ್ಚಿದ ಕ್ಯಾಬಿನೆಟ್ ನೋಡೋಕೆ ಚೆಂದ, ಕಲಬುರಗಿಯ ಏಪ್ರಿಲಿಗೆ ಆಗಿಬರಲ್ಲ. ಮುಂದೆ ಜಾಲರಿ, ಬಿಚ್ಚಿ ತೊಳೆಯೋ ಧೂಳಿನ ಫಿಲ್ಟರ್, ಗಾಳಿ ಒಳಗೆ ಎಳೆಯೋಕೆ ಎರಡು ಫ್ಯಾನ್, ಹೊರಗೆ ಹಾಕೋಕೆ ಒಂದು ಇರಲಿ. ನೆಲದ ಮೇಲೆ ಇಡಬೇಡಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಬ್ಲೋವರ್ ಹಿಡೀರಿ, ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ತಡೀರಿ.

600 ವಿಎ ಯುಪಿಎಸ್ ಕೊಡೋದು ಸಾಮಾನ್ಯವಾಗಿ 360 ವ್ಯಾಟ್. ಮೇಲೆ ಹೇಳಿದ ಸಿಸ್ಟಮ್ ಆಟ ಆಡುವಾಗ ಮಾನಿಟರ್ ಸೇರಿ 300ರ ಹತ್ತಿರ ಹೋಗುತ್ತೆ. ಬ್ಯಾಟರಿ ಹೊಸದಿದ್ದಾಗ ತಡೆಯುತ್ತೆ, ವರ್ಷ ಕಳೆದ ಮೇಲೆ ಕರೆಂಟ್ ಹೋದ ಕ್ಷಣವೇ ಕೈಬಿಡುತ್ತೆ. 1000 ಅಥವಾ 1100 ವಿಎ ತಗೊಳ್ಳಿ. ಮನೆ ಇನ್ವರ್ಟರಿಂದಲೇ ಓಡಿಸೋದಾದರೆ ಅದನ್ನ ಯುಪಿಎಸ್ ಮೋಡ್‌ಗೆ (ಬ್ಯಾಟರಿಗೆ ಬೇಗ ಬದಲಾಗೋ ಸೆಟ್ಟಿಂಗ್) ಹಾಕಿಡಿ.

ಪ್ರಶ್ನೆ (ಪುತ್ತೂರು): ನಮ್ಮಲ್ಲಿ ಬಿಸಿಲಿಗಿಂತ ಸಿಡಿಲಿನದ್ದೇ ಹೆದರಿಕೆ ಮಾರಾಯ್ರೆ. ಪ್ಲಗ್ ತೆಗೆದಿಟ್ಟರೂ ಹೋದ ಮಳೆಗಾಲದಲ್ಲಿ ಮದರ್‌ಬೋರ್ಡ್ ಹೋಯಿತು. ಅದು ಹೇಗೆ?

ಉತ್ತರ: ಪ್ಲಗ್ ತೆಗೆದಿರಿ, ನೆಟ್‌ವರ್ಕ್ ಕೇಬಲ್ ತೆಗೆದಿರಲಿಕ್ಕಿಲ್ಲ. ಸಿಡಿಲಿನ ಹೊಡೆತ ರೂಟರಿಗೆ ಬಂದು, ಅಲ್ಲಿಂದ ಲ್ಯಾನ್ ತಂತಿ ಹಿಡಿದು ಬೋರ್ಡಿಗೆ ಹತ್ತುತ್ತೆ. ಇಂಥ ಬೋರ್ಡುಗಳಲ್ಲಿ ಲ್ಯಾನ್ ಪೋರ್ಟಿನ ಪಕ್ಕದ ಚಿಪ್ಪೇ ಮೊದಲು ಸುಟ್ಟಿರುತ್ತೆ. ಗುಡುಗು ದೂರದಲ್ಲಿ ಕೇಳಿದಾಗಲೇ ಎರಡನ್ನೂ ತೆಗೀರಿ, ಸಿಡಿಲು ಹತ್ತಿರ ಬಂದ ಮೇಲೆ ತಂತಿ ಮುಟ್ಟೋಕೆ ಹೋಗಬೇಡಿ. ಅಥವಾ ವೈಫೈಗೆ ಬದಲಿಸಿ. ಮನೆಯ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಅಳತೆ ಮಾಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅನ್ನುತ್ತಿದ್ದರೆ ಅರ್ಥಿಂಗ್ ಇಲ್ಲ ಅಂತಲೇ ತಿಳೀರಿ. ಸಿಡಿಲಿಗೆ ಹೋದದ್ದು ವಾರಂಟಿಗೆ ಬರಲ್ಲ, ಕಂಪನಿ ಸೆಟ್ಟಾದರೂ ಅಷ್ಟೇ.

ಪ್ರಶ್ನೆ (ದುಬೈ, ಊರು ಕುಂದಾಪುರ): ಗ್ರಾಫಿಕ್ಸ್ ಕಾರ್ಡ್ ಇಲ್ಲಿಂದ ತಂದರೆ ಲಾಭ ಉಂಟಾ?

ಉತ್ತರ: ದರದಲ್ಲಿ ಸ್ವಲ್ಪ ಉಳಿಯಬಹುದು. ಆದರೆ ಹಲವು ಕಂಪನಿಗಳ ವಾರಂಟಿ ಕೊಂಡ ದೇಶಕ್ಕೆ ಮಾತ್ರ. ಕೆಟ್ಟರೆ ಮತ್ತೆ ದುಬೈಗೇ ಹೋಗಬೇಕು. ಪ್ರೊಸೆಸರ್ ತನ್ನಿ, ಅದು ಕೆಡೋದು ಅಪರೂಪ. ಕಾರ್ಡನ್ನ ಇಲ್ಲೇ ಜಿಎಸ್‌ಟಿ ಬಿಲ್ ಸಮೇತ ಕೊಳ್ಳೋದು ಒಳ್ಳೇದು.

ಪ್ರಶ್ನೆ (ತುಮಕೂರು, ವಿದ್ಯಾರ್ಥಿ): ನಾನೇ ಜೋಡಿಸಬೇಕು ಅಂತ ಆಸೆ. ಅಂಗಡಿಯವರು 1,000 ಕೊಟ್ಟರೆ ಜೋಡಿಸಿಕೊಡ್ತಾರೆ, ದುಡ್ಡಿನ ಪ್ರಶ್ನೆ ಅಲ್ಲ. ಹಾಳು ಮಾಡಿಬಿಡ್ತೀನಾ ಅಂತ ಭಯ.

ಉತ್ತರ: ಜೋಡಿಸು. ನಿನ್ನ ವಯಸ್ಸಲ್ಲಿ ಕಲಿಯಬೇಕಾದ ಕೆಲಸ ಇದು. ಕನೆಕ್ಟರ್‌ಗಳ ಆಕಾರವೇ ಬೇರೆ ಬೇರೆ ಇರುತ್ತೆ, ತಪ್ಪು ಜಾಗಕ್ಕೆ ಸಲೀಸಾಗಿ ಕೂರಲ್ಲ. ಬಲ ಹಾಕಬೇಕು ಅನ್ನಿಸಿದರೆ ನಿಲ್ಲಿಸಿ ಮ್ಯಾನುಯಲ್ ನೋಡು. ರ‍್ಯಾಮ್‌ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಒತ್ತಬೇಕು, ಕ್ಲಿಕ್ ಅನ್ನೋವರೆಗೆ.

ನಿಜವಾಗಿ ಎಚ್ಚರ ಬೇಕಾದ್ದು ಪ್ರೊಸೆಸರ್ ಕೂರಿಸುವಾಗ. ರೈಝೆನ್ 5 5600ರಂಥ ಎಎಂ4 ಸಾಕೆಟ್ಟಿನ ಪ್ರೊಸೆಸರಲ್ಲಿ ಪಿನ್ ಇರೋದು ಪ್ರೊಸೆಸರ್ ಕೆಳಗೆ, ಇಂಟೆಲ್ ಹಾಗೂ ಎಎಂ5ನಲ್ಲಿ ಬೋರ್ಡಿನ ಸಾಕೆಟ್ಟಲ್ಲಿ. ಮೂಲೆಯ ತ್ರಿಕೋನ ಗುರುತು ಹೊಂದಿಸಿ ಬಿಡು, ತಾನಾಗಿ ಕೂರಬೇಕು, ಒತ್ತಬಾರದು. ಕ್ಯಾಬಿನೆಟ್ಟಿಗೆ ಸೇರಿಸೋ ಮುಂಚೆ ಬೋರ್ಡನ್ನ ಅದರ ರಟ್ಟಿನ ಡಬ್ಬದ ಮೇಲಿಟ್ಟು ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಹಾಕಿ ಒಮ್ಮೆ ಆನ್ ಮಾಡಿ ನೋಡು. ಏನಾದರೂ ಕೆಟ್ಟಿದ್ದರೆ ಅಲ್ಲೇ ಗೊತ್ತಾಗುತ್ತೆ, ಎಲ್ಲ ಬಿಚ್ಚೋ ಕೆಲಸ ಉಳಿಯುತ್ತೆ. ಕೊಳ್ಳುವಾಗ ಪ್ರೊಸೆಸರ್ ಡಬ್ಬ ಸಮೇತದ್ದೇ ತಗೋ, ಡಬ್ಬ ಇಲ್ಲದೆ ಬರೋ ಟ್ರೇ ಪ್ರೊಸೆಸರಿಗೆ ಅಂಗಡಿಯವರ ಮಾತೇ ವಾರಂಟಿ. ಹಳೇ ಬಿ450 ಬೋರ್ಡ್ ಕೊಟ್ಟರೆ ಬಯೋಸ್ ಅಪ್‌ಡೇಟ್ ಆಗಿದೆಯಾ ಕೇಳು, ಇಲ್ಲದಿದ್ದರೆ 5600 ಎದ್ದೇಳಲ್ಲ.

ಎಲ್ಲ ಮುಗಿದ ಮೇಲೆ ಮಾನಿಟರ್ ಕೇಬಲನ್ನ ಗ್ರಾಫಿಕ್ಸ್ ಕಾರ್ಡಿಗೇ ಹಾಕು, ಬೋರ್ಡಿಗೆ ಅಲ್ಲ. 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಬೋರ್ಡಿಗೆ ಹಾಕಿದರೆ ಪರದೆ ಕಪ್ಪಾಗೇ ಇರುತ್ತೆ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ (ರ‍್ಯಾಮನ್ನ ಪೂರ್ತಿ ವೇಗದಲ್ಲಿ ಓಡಿಸೋ ಆಯ್ಕೆ) ಆನ್ ಮಾಡು, ಇಲ್ಲದಿದ್ದರೆ 3200ರ ಎಷ್ಟೋ ರ‍್ಯಾಮ್‌ಗಳು 2400, 2666ರಲ್ಲೇ ಓಡ್ತಾ ಇರ್ತವೆ. ಎಲ್ಲ ಭಾಗಗಳ ಸೀರಿಯಲ್ ನಂಬರಿನ ಫೋಟೋ ತೆಗೆದು ಬಿಲ್ ಜತೆ ಇಟ್ಟುಕೋ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಬೋರ್ಡಿನ ಮೇಲೆ ಯಾವ ದೀಪ ಉರೀತಿದೆ ಅಂತ ಫೋಟೋ ಸಮೇತ ಇಲ್ಲೇ ಹಾಕು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡಿ ಉತ್ತರ ಬರೀತೇನೆ.