ಎರಡು ಆಟ, ಜೊತೆಗೆ ಕಾರ್ಯದರ್ಶಿ ಕೆಲಸ: ಅನುಭವ ಇದ್ದವರು ಹೇಳಿ

ಕೇಳಿದವರು: ತಂಗಿ ಬಿ.ಕಾಂ ಎರಡನೇ ವರ್ಷ. ಹಾಕಿ, 400 ಮೀಟರ್ ಓಟ ಎರಡರಲ್ಲೂ ಯೂನಿವರ್ಸಿಟಿ ಟೀಮಿನಲ್ಲಿದ್ದಾಳೆ. ಈ ವರ್ಷ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯೂ ಹೌದು. ಒಂದು ಆಟ ಬಿಡು ಅಂತಿದ್ದಾರೆ ಕೋಚ್. ಬಿಡಬೇಕಾ?

ಹಾಕಿ ಅಮ್ಮ: ನನ್ನ ಮಗಳೂ ಇದೇ ಎರಡರಲ್ಲಿ ಇದ್ದಳು. ಸ್ಟಿಕ್ 9,000, ಟರ್ಫ್ ಶೂ 4,500, ಓಟಕ್ಕೆ ಮೊಳೆ ಶೂ, ಅಂದ್ರೆ ಸ್ಪೈಕ್ಸ್, 5,200. ಒಂದರಲ್ಲಿ ಇನ್ನೊಂದು ನಡೆಯಲ್ಲ, ಸ್ಪೈಕ್ಸ್ ಹಾಕಿಕೊಂಡು ಟರ್ಫ್ ಮೇಲೆ ಕಾಲಿಟ್ಟರೆ ಗ್ರೌಂಡಿನವರು ಸುಮ್ನೆ ಬಿಡ್ತಾರಾ? ಆಮೇಲೆ ತೊಡೆ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಹರಿಯಿತು. ಎಂ.ಆರ್.ಐ. 6,500, ಫಿಸಿಯೋ ಒಂದು ಸಲಕ್ಕೆ 600. ಬಿಲ್ಲುಗಳ ಮೇಲೆ ಕಾಲೇಜಿನ ಸೀಲು ಬಿತ್ತು, ದುಡ್ಡು ಬರಲಿಲ್ಲ. ಓಟ ಬಿಡಿಸಿದೆ. ಈಗ ಹಾಕಿ ಕೋಟಾದಲ್ಲೇ ರೈಲ್ವೆಯಲ್ಲಿದ್ದಾಳೆ.

ಕಬಡ್ಡಿ ರೈಡರ್: ಅಮ್ಮಾ, ಗಾಯಕ್ಕೆ ಕಾರಣ ಎರಡು ಆಟ ಅಲ್ಲ, ರೆಸ್ಟ್ ಕೊಡದ ಕೋಚ್. ನಾನು ಕಬಡ್ಡಿ, ಲಾಂಗ್ ಜಂಪ್ ಎರಡನ್ನೂ ಕೊನೇ ವರ್ಷದವರೆಗೂ ಬಿಡಲಿಲ್ಲ. ಹೊಡೆತ ಬಿದ್ದಿದ್ದು ಹಾಜರಿಗೆ. ದಕ್ಷಿಣದ ಯೂನಿವರ್ಸಿಟಿಗಳ ಸೌತ್ ಝೋನ್ ಟೂರ್ನಿ ಆಡಿ ಬಂದು, ಆಟಕ್ಕೆ ಹೋದ ದಿನಗಳಿಗೆ ಹಾಜರಿ ಕೇಳುವ ಓ.ಡಿ. (ಆನ್ ಡ್ಯೂಟಿ) ಲೆಟರ್ ಹಿಡಿದು ಸ್ಟಾಫ್ ರೂಮ್ ಬಾಗಿಲಲ್ಲಿ ನಿಂತರೆ ಒಬ್ಬ ಲೆಕ್ಚರರ್ ಸಹಿ ಹಾಕಲಿಲ್ಲ, ಇಂಟರ್ನಲ್ಸ್ ಹೋಯಿತು, ಅದರ ಹಿಂದೆ 18,000 ಸ್ಕಾಲರ್‌ಶಿಪ್ಪೂ ಹೋಯಿತು. ಆದರೂ ಎರಡೂ ಮೆಡಲ್ ನನ್ನ ಹತ್ತಿರ ಇವೆ.

ಹಾಕಿ ಅಮ್ಮ: ಕೋಚ್ ಮೇಲೆ ಹಾಕೋದು ಸುಲಭ ಕಣಪ್ಪ. ರಾತ್ರಿಯೆಲ್ಲ ಐಸ್ ಇಟ್ಟವಳು ನಾನು.

ಹಳೇ ಸೆಂಟರ್ ಹಾಫ್: ಮದ್ರಾಸಿನ ಎಂ.ಜೆ. ಗೋಪಾಲನ್ ಭಾರತಕ್ಕೆ ಹಾಕಿ, ಕ್ರಿಕೆಟ್ ಎರಡೂ ಆಡಿದವರು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ಬಿಟ್ಟು ಕ್ರಿಕೆಟ್ ಟೀಮಿನ ಜೊತೆ ಇಂಗ್ಲೆಂಡಿಗೆ ಹೋದರು. ಅಲ್ಲಿ ಒಂದು ಟೆಸ್ಟೂ ಸಿಗಲಿಲ್ಲ, ಹಾಕಿಯವರು ಚಿನ್ನ ತಂದರು. ಆರಿಸೋದು ಅಷ್ಟು ಸಲೀಸಲ್ಲ.

ಕಬಡ್ಡಿ ರೈಡರ್: ಚುನಿ ಗೋಸ್ವಾಮಿ? 1962ರ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಗೆದ್ದ ಟೀಮಿನ ನಾಯಕ. ಆಮೇಲೆ ಬಂಗಾಳವನ್ನು ರಣಜಿ ಫೈನಲ್‌ಗೂ ಕರೆದೊಯ್ದರು. ಎರಡೂ ಆಯ್ತಲ್ವಾ?

ಹಳೇ ಸೆಂಟರ್ ಹಾಫ್: ಕಲ್ಕತ್ತಾದಲ್ಲಿ ಮಳೆಗಾಲಕ್ಕೆ ಫುಟ್‌ಬಾಲ್, ಚಳಿಗಾಲಕ್ಕೆ ಕ್ರಿಕೆಟ್. ನಮ್ಮ ಹುಡುಗರಿಗೆ ಎರಡು ಮೀಟ್ ಒಂದೇ ವಾರ ಬರುತ್ತವೆ ಸ್ವಾಮಿ. ಉದಾಹರಣೆ ಕೊಡುವ ಮುಂಚೆ ಯೋಚಿಸಿ.

ಮಾಜಿ ಕಾರ್ಯದರ್ಶಿ: ಎಲ್ಲರೂ ಆಟದ ಮೇಲೇ ಬಿದ್ದಿದ್ದೀರಿ. ಬಿಡಬೇಕಾದ್ದು ಕಾರ್ಯದರ್ಶಿ ಪದವಿ. ವಾರ್ಷಿಕೋತ್ಸವದ ಶಾಮಿಯಾನಕ್ಕೆ 12,000 ಅಡ್ವಾನ್ಸ್ ನಾನು ಕೈಯಿಂದ ಕೊಟ್ಟೆ. ರಸೀದಿಯಲ್ಲಿ ತಾರೀಕಿಲ್ಲ ಅಂತ ಆಫೀಸಿನವರು ವಾಪಸ್ ಕೊಡಲಿಲ್ಲ. ಅದೇ ವಾರ ಸೆಲೆಕ್ಷನ್ ಇತ್ತು, ಹೋಗಲಾಗಲಿಲ್ಲ.

ಹಾಕಿ ಅಮ್ಮ: ರಸೀದಿಗೆ ತಾರೀಕು ಹಾಕಿಸಿದ್ದರೂ ಕೊಡುತ್ತಿರಲಿಲ್ಲ. ನನ್ನ ಬಿಲ್ಲುಗಳಲ್ಲಿ ತಾರೀಕು, ಸೀಲು ಎಲ್ಲಾ ಇದ್ದವು!